ಬೀಳ್ಕೊಡುಗೆ ದಿನಕ್ಕೆ ಗಾಡಿ ಹೇಳೋದು ಶೋಕಿ ಅಲ್ಲ



ನಾಲ್ಕು ದಿನದಿಂದ ಏನೂ ಬರೆದಿರಲಿಲ್ಲ. ಹುಣಸೆ ಬಡಿಯೋರು ಸಿಕ್ಕಿದ್ರು, ಬಿಟ್ರೆ ಮತ್ತೆ ಕೈಗೆ ಸಿಗಲ್ಲ ಅಂತ ಹೊಲದ ಬದುವಿನ ಮರಗಳನ್ನೆಲ್ಲ ಬಡಿಸಿ ಮುಗಿಸಿದೆ. ಜೊತೆಗೆ ತೋಟಕ್ಕೆ ರಾತ್ರಿ ಕರೆಂಟು, ನಿದ್ದೆಯೂ ಸರಿ ಇಲ್ಲ. ಹುಣಸೆ ಲೆಕ್ಕ ಇನ್ನೊಂದು ದಿನ ಬರೀತೀನಿ. ಇವತ್ತು ಬೆಳೆ ವಿಷಯ ಅಲ್ಲ, ಮಕ್ಕಳ ವಿಷಯ. ಈ ತಿಂಗಳು ಎಲ್ಲ ಹೈಸ್ಕೂಲುಗಳಲ್ಲೂ ಬೀಳ್ಕೊಡುಗೆ ನಡೀತಾ ಇದೆ, ಅದಕ್ಕೇ ಈಗಲೇ ಬರೀಬೇಕು ಅನ್ನಿಸ್ತು.

ನನ್ನ ಚಿಕ್ಕ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ನಾವು ಓದುವಾಗ ಬೀಳ್ಕೊಡುಗೆ ಅಂದ್ರೆ ಸ್ಕೂಲಿನ ಮುಂದೆ ಒಂದು ಗ್ರೂಪ್ ಫೋಟೋ, ಒಂದು ಬಾಳೆಹಣ್ಣು, ಕಾಗದದಲ್ಲಿ ಖಾರಾಪುರಿ. ದನ ಮನೆಗೆ ಬರೋ ಹೊತ್ತಿಗೆ ನಾವೂ ನಡ್ಕೊಂಡು ಮನೆ ಸೇರಿರ್ತಿದ್ವಿ. ಈಗ ಹಂಗಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಒಂದು ಕಲ್ಯಾಣ ಮಂಟಪ, ಸಂಜೆ ಐದಕ್ಕೆ ಶುರು, ಡ್ಯಾನ್ಸು, ಊಟ, ಫೋಟೋ, ಮುಗಿಯೋದು ಒಂಬತ್ತೂವರೆ. ಹಗಲಲ್ಲೇ ಮುಗಿಸಿ ಅಂತ ಮೇಷ್ಟ್ರಿಗೆ ನಾನೇ ಹೋಗಿ ಹೇಳಿದೆ. ಮಂಟಪ ಸಂಜೆಗೇ ಸಿಕ್ಕಿರೋದು ಅಂದ್ರು. ನಮ್ಮೂರಿಂದ ಅಲ್ಲಿಗೆ 26 ಕಿಲೋಮೀಟರು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಮಕ್ಕಳಿಗೆ ಬಸ್ ಚಾರ್ಜಿಲ್ಲ, ಸರಿ. ಆದ್ರೆ ನಮ್ಮ ರೂಟಿಗೆ ಏಳೂವರೆ ಮೇಲೆ ಬಸ್ಸೇ ಇಲ್ಲ.

ನಮ್ಮೂರು, ಪಕ್ಕದ ಎರಡೂರು ಸೇರಿ ಹನ್ನೊಂದು ಮಕ್ಕಳು. ಏಳು ಹುಡುಗೀರು, ನಾಲ್ಕು ಹುಡುಗ್ರು. ಅವರೇ ಮಾತಾಡ್ಕೊಂಡು ಬಂದು, "ಅಪ್ಪ, ಎಲ್ರೂ ಸೇರಿ ಒಂದು ಟಿಟಿ ಮಾಡ್ಕೊಂಡು ಹೋಗ್ತೀವಿ, ತಲೆಗೆ ಐನೂರು ಆಗ್ಬೋದು" ಅಂದ್ಲು ಮಗಳು. ನನಗೆ ಮೊದಲು ಬಂದಿದ್ದು ಸಿಟ್ಟೇ. ಪರೀಕ್ಷೆಗೆ ಓದೋದು ಬಿಟ್ಟು ಮದುವೆ ದಿಬ್ಬಣದ ಥರ ಗಾಡಿ ಬೇಕಾ ನಿಮಗೆ ಅಂದೆ. ಪಕ್ಕದ ಮನೆಯವರೂ ಅದನ್ನೇ ಅಂದ್ರು. "ಹಾಲಿನ ಕ್ಯಾನು ಹೊಡೆಯೋ ಲಗೇಜ್ ಗಾಡಿ ಹೆಂಗೂ ಖಾಲಿ ಇರುತ್ತೆ, ಹತ್ತಿಸಿ ಕಳಿಸೋಣ. ಹುಡುಗ್ರು ಬೈಕಲ್ಲಿ ಬರ್ತಾರೆ ಬಿಡಿ" ಅಂದ್ರು.

ಬೈಕು ಅಂದ ತಕ್ಷಣ ನನ್ನ ಬಾಯಿ ಕಟ್ಟಿತು. ಯಾಕೆ ಅಂತ ನಮ್ಮೂರೋರಿಗೆ ಗೊತ್ತು, ಬೇರೆ ಊರೋರಿಗೆ ಹೇಳ್ತೀನಿ.

2012ರಲ್ಲಿ ನಮ್ಮಣ್ಣನ ಮಗ ಎಸ್ಸೆಸ್ಸೆಲ್ಸಿ. ಅವತ್ತೂ ಹಿಂಗೇ ಬೀಳ್ಕೊಡುಗೆ ಇತ್ತು. ಆಟೋದವನು ಹೋಗಿ ಬರೋಕೆ ಮುನ್ನೂರು ಕೇಳಿದ. ಅಣ್ಣ ಊರಲ್ಲಿರಲಿಲ್ಲ. ಮುನ್ನೂರು ಯಾಕೆ ದಂಡ ಅಂತ ನನ್ನ ಬೈಕಿನ ಕೀ ತೆಗೆದು ಆ ಹುಡುಗನ ಕೈಗೆ ಕೊಟ್ಟವನು ನಾನೇ. ಹೊಲಕ್ಕೆ ಓಡಿಸ್ತಾನೆ, ಗೊಬ್ಬರ ತರ್ತಾನೆ, ಇನ್ನೇನು ಅನ್ಕೊಂಡೆ. ಹೊಲದ ದಾರಿಯಲ್ಲಿ ಹಗಲು ಓಡಿಸೋದೇ ಬೇರೆ, ಎದುರಿಗೆ ಬರೋ ಲಾರಿ ಲೈಟಿಗೆ ಕಣ್ಣು ಕುಕ್ಕುವಾಗ ಓಡಿಸೋದೇ ಬೇರೆ. ವಾಪಸ್ ಬರುವಾಗ ಕೆರೆ ಏರಿ ದಾಟಿದ ಮೇಲಿನ ಮೋರಿಗೆ ಹೊಡೆದ. ಜೀವ ಉಳೀತು. ತೊಡೆಗೆ ರಾಡು ಹಾಕಿದ್ರು. ಆ ವರ್ಷ ಪರೀಕ್ಷೆ ತಪ್ಪಿತು. ಲೈಸೆನ್ಸ್ ಇಲ್ಲದ ಹುಡುಗ ಅಂತ ಇನ್ಶೂರೆನ್ಸಿಂದ ಒಂದು ರೂಪಾಯಿ ಬರಲಿಲ್ಲ. ಎರಡು ಸೀಮೆ ಹಸು ಮಾರಿ ಆಸ್ಪತ್ರೆ ಬಿಲ್ಲು ಕಟ್ಟಿದ್ವಿ. ಈಗಲೂ ಅವನು ಎಡಗಾಲು ಎಳೆದೇ ನಡೆಯೋದು, ಮರ ಹತ್ತೋಕಾಗಲ್ಲ. ಅಣ್ಣ ನನ್ನನ್ನ ಒಂದು ಮಾತೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಅದಕ್ಕೇ ಹೇಳೋದು. ಮಕ್ಕಳ ಬೀಳ್ಕೊಡುಗೆಗೆ ಡ್ರೈವರ್ ಸಮೇತ ಗಾಡಿ ಬಾಡಿಗೆಗೆ ಹೇಳೋದನ್ನ ನಾವು ಶೋಕಿ ಅನ್ಕೊಂಡಿದ್ದೀವಿ. ಅದು ತಪ್ಪು. ಆ ದುಡ್ಡು ಕೊಡೋದು ಮೆರವಣಿಗೆಗಲ್ಲ, ಆ ಒಂದು ರಾತ್ರಿ ನಮ್ಮ ಮಕ್ಕಳ ಕೈಗೆ ಹ್ಯಾಂಡಲ್ ಹೋಗದಿರಲಿ ಅಂತ.

ನನ್ನ ಷಡ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲೂ ಹೈಸ್ಕೂಲ್ ಮುಗಿಸೋ ಮಕ್ಕಳಿಗೆ ಪ್ರಾಮ್ ಅಂತ ಒಂದು ರಾತ್ರಿ ಇರುತ್ತಂತೆ. ಬಟ್ಟೆ, ಡ್ಯಾನ್ಸು ಎಲ್ಲ. ಉದ್ದ ಲಿಮೊಸಿನ್ ಕಾರು ಡ್ರೈವರ್ ಸಮೇತ ಬಾಡಿಗೆಗೆ ಮಾಡ್ಕೊಂಡು ಹೋಗ್ತಾರೆ. ನಮ್ಮ ಮಕ್ಕಳು ರೀಲ್ಸಲ್ಲಿ ನೋಡಿ ಕುಣಿಯೋದು ಅದಕ್ಕೇ. ನಾನು ನಕ್ಕೆ. ಅವಳು ಫೋನಲ್ಲಿ, "ದೊಡ್ಡಪ್ಪ, ಇಲ್ಲಿ 16 ವರ್ಷಕ್ಕೇ ಕಾರು ಓಡಿಸೋ ಲೈಸೆನ್ಸ್ ಸಿಗುತ್ತೆ. ಆದ್ರೂ ಆವತ್ತು ರಾತ್ರಿ ಮಕ್ಕಳು ತಾವೇ ಓಡಿಸೋದು ಬೇಡ ಅಂತ ಎಷ್ಟೋ ಅಪ್ಪ-ಅಮ್ಮ ದುಡ್ಡು ಸೇರಿಸಿ ಗಾಡಿ ಮಾಡ್ತಾರೆ" ಅಂದ್ಲು. ಲೈಸೆನ್ಸ್ ಇರೋ ದೇಶದೋರೇ ಹಂಗೆ ಯೋಚನೆ ಮಾಡ್ತಾರೆ ಅಂದ್ರೆ, ಲೈಸೆನ್ಸ್ ಇಲ್ಲದ ಮಕ್ಕಳ ಕೈಗೆ ಕೀ ಕೊಡೋ ನಾವು ಏನು?

ಕಾನೂನೂ ತಿಳ್ಕೊಳ್ಳಿ. ಗೇರ್ ಬೈಕಿಗೆ 18 ತುಂಬಿರಬೇಕು. 16ಕ್ಕೆ ಸಿಗೋದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಗಳ ಮುಂದೆ ನಿಂತಿರೋ ಪೆಟ್ರೋಲ್ ಸ್ಕೂಟಿಗಳೆಲ್ಲ ಅದಕ್ಕಿಂತ ದೊಡ್ಡವು. 2019ರಲ್ಲಿ ತಿದ್ದುಪಡಿ ಮಾಡಿದ ಮೇಲೆ ಮಕ್ಕಳು ಓಡಿಸಿ ಸಿಕ್ಕಿಬಿದ್ರೆ ಕೇಸು ಅಪ್ಪನ ಮೇಲೆ, ಇಲ್ಲಾ ಗಾಡಿ ಯಾರದೋ ಅವರ ಮೇಲೆ. 25 ಸಾವಿರ ದಂಡ, ಮೂರು ವರ್ಷದವರೆಗೂ ಜೈಲು, ಗಾಡಿ ರಿಜಿಸ್ಟ್ರೇಶನ್ ಒಂದು ವರ್ಷ ರದ್ದು, ಆ ಮಗುವಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ.

ಲಗೇಜ್ ಗಾಡಿ, ಟ್ರಾಕ್ಟರ್ ಟ್ರೈಲರ್ ವಿಷಯವೂ ಇಷ್ಟೇ. ನಾವು ಜಾತ್ರೆಗೆ, ಕೂಲಿಗೆ ಎಲ್ಲದಕ್ಕೂ ಹತ್ತಿಸ್ತೀವಿ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿದ ಜನಕ್ಕೆ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕಂಪನಿ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟೇ 2002ರಲ್ಲಿ ಹೇಳಿದೆ. ಪರಿಹಾರ ಗಾಡಿ ಓನರ್ ತಲೆಗೆ ಬರುತ್ತೆ. ಆ ಓನರ್ ನಮ್ಮ ನಿಮ್ಮಂಥ ರೈತನೇ, ಗಾಡಿ ಸಾಲ ಇನ್ನೂ ತೀರಿರಲ್ಲ.

ಈಗ ದುಡ್ಡಿನ ಲೆಕ್ಕ. ಈ ಸಲ ಗಾಡಿ ಹುಡುಕಿದ್ದು ನಮ್ಮಣ್ಣನ ಮಗನೇ. "ಚಿಕ್ಕಪ್ಪ, ಯೋಚನೆ ಮಾಡ್ಬೇಡ, ನಾನು ಹೇಳಿಡ್ತೀನಿ" ಅಂದ. ಟಿಟಿ, ಡೀಸೆಲ್ ಸೇರಿ 4500, ಡ್ರೈವರ್ ಬಾಟಾ 500. ಒಟ್ಟು 5000. ಹನ್ನೊಂದು ಮಕ್ಕಳಿಗೆ ಹಂಚಿದ್ರೆ ತಲೆಗೆ 455. ಒಂದು ಡಿಎಪಿ ಮೂಟೆ 1350 ಕೊಟ್ಟು ತರ್ತೀವಿ, ಅದರ ಮೂರರಲ್ಲಿ ಒಂದು ಪಾಲು. ಇಬ್ಬರು ಮಕ್ಕಳ ಮನೇಲಿ ಈಗ ಕಷ್ಟ ಇದೆ. ಅವರ ಪಾಲು ನಾವು ನಾಲ್ಕು ಮನೆಯೋರು ಹಾಕ್ಕೊಂಡ್ವಿ, ಮಕ್ಕಳಿಗೆ ಗೊತ್ತಾಗದಂಗೆ. ದಯವಿಟ್ಟು ಇದನ್ನ ಎಲ್ಲ ಕಡೆ ಮಾಡಿ. ಐನೂರು ರೂಪಾಯಿ ಇಲ್ಲ ಅಂತ ಒಂದು ಮಗು ಮನೇಲೇ ಕೂತು, ಮಾರನೇ ದಿನ ಉಳಿದೋರ ಫೋಟೋ ನೋಡೋದು ಬೇಡ.

ಹೆಣ್ಮಕ್ಕಳ ವಿಷಯ ಬೇರೆ ಹೇಳಬೇಕು. ಗಾಡಿ ಇಲ್ಲ ಅಂದ್ರೆ ಹುಡುಗ್ರು ಹೆಂಗೋ ಬೈಕು ಹತ್ಕೊಂಡು ಹೋಗ್ತಾರೆ. ಹುಡುಗೀರನ್ನ ನಾವು ಕಳಿಸೋದೇ ಇಲ್ಲ. ಹೋದ ವರ್ಷ ಪಕ್ಕದೂರಿನ ಮೂರು ಹುಡುಗೀರು ಹೋಗಲೇ ಇಲ್ಲ, ರಾತ್ರಿ ಕರ್ಕೊಂಡು ಬರೋರು ಇರಲಿಲ್ಲ ಅಂತ. ಹತ್ತು ವರ್ಷ ಜೊತೆಗೆ ಓದಿದೋರು. ಮುಂದೆ ಯಾರು ಪಿಯುಸಿಗೆ, ಯಾರು ಮದುವೆಗೆ, ಯಾರು ಗಾರ್ಮೆಂಟ್ಸಿಗೆ ಹೋಗ್ತಾರೋ ಗೊತ್ತಿಲ್ಲ. ಆ ಒಂದು ಸಂಜೆ ಅವರಿಗೂ ಬೇಕು.

ಗಾಡಿ ಹೇಳೋದು ಅಂದ್ರೆ ಯಾವುದೋ ಒಂದು ಹೇಳೋದಲ್ಲ. ನಾವು ಮಾಡಿದ್ದು ಬರೀತೀನಿ, ಬೇಕಾದೋರು ನೋಡ್ಕೊಳ್ಳಿ.

ಯಲ್ಲೋ ಬೋರ್ಡ್ ಗಾಡಿಯೇ ಆಗ್ಬೇಕು. ವೈಟ್ ಬೋರ್ಡಿನೋರು ಸಾವಿರ ಕಮ್ಮಿಗೆ ಬರ್ತೀನಿ ಅಂತಾರೆ. ಸ್ವಂತ ಗಾಡಿ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸೋ ಹಂಗಿಲ್ಲ ಅಂತ ಬರೆದೇ ಇರುತ್ತೆ. ಗಾಡಿ ನಂಬರ್ ಮೊದಲೇ ಇಸ್ಕೊಂಡು ಎಂಪರಿವಾಹನ್ ಆ್ಯಪಲ್ಲಿ ಹಾಕಿದ್ರೆ ಎಫ್‌ಸಿ, ಇನ್ಶೂರೆನ್ಸ್ ಎಲ್ಲಿ ತನಕ ಇದೆ ಅಂತ ಗೊತ್ತಾಗುತ್ತೆ. ನಿಮಗೆ ಬರದಿದ್ರೆ ಮಕ್ಕಳಿಗೇ ಹೇಳಿ, ಎರಡು ನಿಮಿಷದ ಕೆಲಸ.

ಸೀಟಿಗಿಂತ ಹೆಚ್ಚು ಜನ ಬೇಡ. ನಾವು ಹನ್ನೊಂದು ಮಕ್ಕಳು, ಜೊತೆಗೆ ಒಬ್ಬ ತಾಯಿ, ಒಬ್ಬ ನಾನು, ಹದಿಮೂರು ಸೀಟಿಗೆ ಸರಿಯಾಯ್ತು. ದೊಡ್ಡೋರು ಇಬ್ಬರು ಇರಲೇಬೇಕು.

ಇದು ಮದುವೆ ಸೀಸನ್ನು. ಡ್ರೈವರ್ ಹಿಂದಿನ ರಾತ್ರಿ ಎಲ್ಲಿಗೆ ಹೋಗಿದ್ದ, ನಿದ್ದೆ ಮಾಡಿದಾನಾ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಹಂಗೇ ಅವನಿಗೂ ಊಟ ಹಾಕಿಸಿ. ಮಕ್ಕಳು ಒಳಗೆ ಉಣ್ತಾ ಇರ್ತಾರೆ, ಡ್ರೈವರು ಹೊರಗೆ ಬೀಡಾ ಅಂಗಡಿ ಹತ್ರ ಬನ್ನು ತಿಂತಾ ಕೂತಿರ್ತಾನೆ, ಎಷ್ಟೋ ಸಲ ನೋಡಿದೀನಿ. ನಮ್ಮ ಮಕ್ಕಳ ಜೀವ ಅವನ ಕೈಯಲ್ಲಿರುತ್ತೆ. ಖುಷಿಗೆ ಅಂತ ಕೊಡೋ ದುಡ್ಡು ಮಾತ್ರ ವಾಪಸ್ ಬಂದ ಮೇಲೆ ಕೊಡಿ.

ಇನ್ನೊಂದು. ನಾನು ಗಾಡಿ ಹೇಳಿ ಅಂತಿರೋದು, ಸನ್‌ರೂಫ್ ಕಾರು ತನ್ನಿ ಅಂತಲ್ಲ. ಪಕ್ಕದ ಹೋಬಳಿ ಕಡೆ ಮಕ್ಕಳು ಕಾರಿನ ಮೇಲಿಂದ ಅರ್ಧ ಮೈ ಹೊರಗೆ ಹಾಕಿ ಕಿರುಚ್ತಾ ಹೋಗ್ತಿದ್ದ ವಿಡಿಯೋ ನೋಡಿದೆ. ಅಂಥದ್ದಕ್ಕೆ ದುಡ್ಡು ಕೊಡೋದು ಬೈಕಿನ ಕೀ ಕೊಟ್ಟಷ್ಟೇ ತಪ್ಪು. ನಮ್ಮ ಮಕ್ಕಳು ಟಿಟಿಗೆ ಎರಡು ಸರ ಸೇವಂತಿಗೆ ಕಟ್ಟಿದ್ರು, ಹಾಡು ಹಾಕ್ಕೊಂಡ್ರು. ಅಷ್ಟು ಸಾಕು.

ಮೊನ್ನೆ ಶನಿವಾರ ಹೋಗಿ ಬಂದ್ವಿ. ಬರುವಾಗ ಅರ್ಧ ಮಕ್ಕಳು ಅತ್ತೂ ಅತ್ತೂ ನಿದ್ದೆ ಹೋಗಿದ್ರು. ತೋಟದ ಮನೆಗಳಿಗೂ ಗಾಡಿ ತಿರುಗಿಸಿ ಒಬ್ಬೊಬ್ಬರನ್ನೇ ಬಾಗಿಲಿಗೆ ಬಿಟ್ವಿ. ಕೆರೆ ಏರಿ ಮೋರಿ ಬಂದಾಗ ನಾನು ಮುಂದಿನ ಕಂಬಿ ಹಿಡ್ಕೊಂಡೆ, ಡ್ರೈವರು ನಿಧಾನಕ್ಕೇ ಹೋದ. ಹನ್ನೊಂದು ಗಂಟೆಗೆ ಊರು ಸೇರಿದ್ರೆ ಅಣ್ಣನ ಮಗ ಅರಳಿಕಟ್ಟೆ ಮೇಲೆ ಕೂತಿದ್ದ. ಎಲ್ರೂ ಬಂದ್ರಾ ಅಂತ ಕೇಳಿ, ಎದ್ದು ಮನೆಗೆ ಹೋದ.

ನಿಮ್ಮೂರಲ್ಲಿ ಬೀಳ್ಕೊಡುಗೆ ಇನ್ನೂ ಆಗಿಲ್ಲ ಅಂದ್ರೆ ಇವತ್ತೇ ನಾಲ್ಕು ಮನೆಯೋರು ಕೂತು ಮಾತಾಡಿ. ಗಾಡಿ ಸಿಗದಿದ್ರೆ ಕೆಳಗೆ ಬರೀರಿ, ನಮಗೆ ಬಂದ ಡ್ರೈವರನ್ನ ಕೇಳಿ ನೋಡ್ತೀನಿ. ಬೈಕಿನ ಕೀ ಮಾತ್ರ ಅವತ್ತು ಸಂಜೆ ನಿಮ್ಮ ಜೇಬಲ್ಲೇ ಇರಲಿ.

ನಾಳೆ ಹುಣಸೆ ಕುಟ್ಟೋರು ಬರ್ತಾರೆ. ರೇಟು ಹೆಂಗಿದೆ ಅಂತ ಮುಂದಿನ ಸಲ ಬರೀತೀನಿ.