ಗಾಯಕ್ಕೆ ಕಾಫಿಪುಡಿ ಬೇಡ, ಗಾಜ್ ಬಟ್ಟೆ ಇಡಿ



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ‘ಅಜ್ಜಿಯ ಮನೆಮದ್ದು’ ಎಂಬ ಲೇಖನ ಬಂದಿತ್ತು. ಕೆಮ್ಮಿಗೆ ಶುಂಠಿ ಕಷಾಯ, ಹೊಟ್ಟೆ ಉಬ್ಬರಕ್ಕೆ ಜೀರಿಗೆ ನೀರು ಅಂತ ಬರೆದಿದ್ದು ನನಗೂ ಇಷ್ಟವಾಯಿತು. ಆದರೆ ಕೊನೆಯಲ್ಲಿ ‘ಗಾಯವಾದರೆ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿ’ ಅಂತ ಇತ್ತು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬರೆದವರು ನಮ್ಮ ತರಗತಿಯವರೇ, ಬೇಜಾರು ಮಾಡಿಕೊಳ್ಳಬಾರದು. ಅಭಿಪ್ರಾಯ ಬೇರೆಯಾದರೂ ಸ್ನೇಹ ಇದ್ದೇ ಇರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಸಾಮಾನ್ಯ ಗಾಯಕ್ಕೆ ಬೇಕಾದ್ದು ಎರಡು. ಒಂದು ಚೊಕ್ಕಟವಾದ ನೀರು, ಇನ್ನೊಂದು ಚೊಕ್ಕಟವಾದ ಗಾಜ್ ಬಟ್ಟೆ. ಇವೆರಡೂ ನಮ್ಮ ಶಾಲೆಯಲ್ಲಿ ಯಾವಾಗ ಬೇಕಾದರೂ ಮಕ್ಕಳ ಕೈಗೆ ಸಿಗುವ ಹಾಗೆ ಇರಬೇಕು.

ಗಾಜ್ ಅಂದಕೂಡಲೆ ನಮ್ಮ ತರಗತಿಯಲ್ಲಿ ಕೆಲವರು ನಕ್ಕರು. ‘ಗಾಯಕ್ಕೆ ಯಾರಾದ್ರೂ ಗಾಜಿನ ಚೂರು ಇಡ್ತಾರಾ?’ ಅಂತ ಕೇಳಿದರು. ಇದು ಬಳೆಯ ಗಾಜಲ್ಲ, ಕಿಟಕಿಯ ಗಾಜೂ ಅಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಗಾಯದ ಮೇಲೆ ಮೊದಲು ಇಡುತ್ತಾರಲ್ಲ, ಸೊಳ್ಳೆ ಪರದೆಯ ಹಾಗೆ ಸಣ್ಣ ಸಣ್ಣ ತೂತಿರುವ ಬಿಳಿ ಹತ್ತಿ ಬಟ್ಟೆ, ಅದಕ್ಕೆ ಗಾಜ್ ಅನ್ನುತ್ತಾರೆ. ನೂಲನ್ನು ಬಿಡಿಬಿಡಿಯಾಗಿ ನೇಯ್ದಿರುತ್ತಾರೆ. ಗಾಯದಿಂದ ಬರುವ ರಕ್ತ ಮತ್ತು ನೀರನ್ನು ಅದು ಹೀರಿಕೊಳ್ಳುತ್ತದೆ. ತಮಿಳುನಾಡಿನ ರಾಜಪಾಳಯಂ ಹತ್ತಿರ ಛತ್ರಪಟ್ಟಿ ಎಂಬ ಊರಿದೆ. ಅಲ್ಲಿ ಮನೆ ಮನೆಯಲ್ಲೂ ಮಗ್ಗದ ಸದ್ದು. ಆಸ್ಪತ್ರೆಗೆ ಬೇಕಾದ ಇಂಥ ಬಟ್ಟೆ ನೇಯುವುದರಲ್ಲಿ ಆ ಊರು ಹೆಸರುವಾಸಿ. ಹಾಗಾಗಿ ಇದು ಎಲ್ಲೋ ಫಾರಿನ್‌ನಿಂದ ಬರುವ ದೊಡ್ಡ ವಸ್ತು ಅಂತ ತಿಳಿಯಬೇಡಿ.

ಈಗ ನಮ್ಮೂರಲ್ಲಿ ಗಾಯವಾದರೆ ಏನು ಮಾಡ್ತಾರೆ ನೋಡೋಣ. ಕಾಫಿಪುಡಿ ಒತ್ತುತ್ತಾರೆ. ಅರಿಶಿನ ಹಾಕುತ್ತಾರೆ. ಸುಣ್ಣ ಹಚ್ಚುತ್ತಾರೆ. ಹೊಲದಲ್ಲಾದರೆ ಬದುವಿನ ಸೊಪ್ಪು ಅಂಗೈಯಲ್ಲಿ ಉಜ್ಜಿ ರಸ ಹಿಂಡುತ್ತಾರೆ. ಏನೂ ಸಿಗದಿದ್ದರೆ ಮಣ್ಣೇ ಹಾಕ್ತಾರೆ. ಆಮೇಲೆ ತಲೆಗೆ ಸುತ್ತಿದ ಟವೆಲಿನ ಅಂಚು ಹರಿದು ಕಟ್ಟುತ್ತಾರೆ.

ಹೋದ ವರ್ಷ ರಾಗಿ ಕುಯ್ಲಿನಲ್ಲಿ ನಮ್ಮ ಬೀದಿಯ ಒಬ್ಬ ಹುಡುಗನಿಗೆ ಪಾದದ ಮೇಲೆ ಕುಡುಗೋಲು ತಾಗಿತು. ಕಾಫಿಪುಡಿ ಒತ್ತಿ, ಅದರ ಮೇಲೆ ಹತ್ತಿ ಇಟ್ಟು ಬಿಗಿಯಾಗಿ ಕಟ್ಟಿದರು. ಮೂರನೇ ದಿನ ಬಿಚ್ಚಿದರೆ ಹತ್ತಿ ಗಾಯಕ್ಕೆ ಅಂಟಿಕೊಂಡು ಬರಲೇ ಇಲ್ಲ. ಒಳಗೆ ಕೀವು ಆಗಿತ್ತು. ಆಸ್ಪತ್ರೆಯಲ್ಲಿ ಸಿಸ್ಟರ್ ಹತ್ತಿಯ ಎಳೆಗಳನ್ನೂ ಪುಡಿಯನ್ನೂ ತೊಳೆದು ತೊಳೆದು ಒಂದೊಂದಾಗಿ ತೆಗೆದರಂತೆ. ಅವನು ಕೂಗಿಕೊಂಡಿದ್ದು ಹೊರಗೆ ಕೂತ ಅವರವ್ವನಿಗೂ ಕೇಳಿಸಿತಂತೆ. ಇಪ್ಪತ್ತು ದಿನ ಶಾಲೆಗೆ ಬರಲಿಲ್ಲ. ಪ್ರತಿಭಾ ಕಾರಂಜಿಯ ಕೋಲಾಟದಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡರು. ಕುಡುಗೋಲಿನ ಗಾಯ ಒಂದು, ಆರೈಕೆಯಿಂದ ಆದ ಗಾಯ ಇನ್ನೊಂದು.

ನಮ್ಮ ಅಜ್ಜಿ ಇದಕ್ಕೆ ಒಂದು ಪ್ರಶ್ನೆ ಕೇಳುತ್ತಾರೆ. ‘ನಿಮ್ಮಪ್ಪನಿಗೆ, ಚಿಕ್ಕಪ್ಪನಿಗೆ ಎಲ್ಲಾ ಕಾಫಿಪುಡೀನೇ ಹಾಕಿದ್ದು. ಮಾಯಲಿಲ್ವಾ?’ ಅಂತ. ಅಜ್ಜಿಯ ಮಾತಿಗೆ ಗೌರವ ಕೊಟ್ಟೇ ಉತ್ತರ ಹೇಳುತ್ತೇನೆ. ಸಣ್ಣ ಗಾಯ ಏನೂ ಹಾಕದಿದ್ದರೂ ಮಾಯುತ್ತದೆ. ಮಾಯಿಸುವುದು ನಮ್ಮ ದೇಹ, ಹೆಸರು ಬರುವುದು ಕಾಫಿಪುಡಿಗೆ. ಮಾಯದೆ ಕೀವಾದಾಗ ಮಾತ್ರ ಯಾರೂ ಕಾಫಿಪುಡಿಯನ್ನು ಬೈಯುವುದಿಲ್ಲ, ‘ಅವನ ಮೈ ನಂಜು’ ಅಂತ ಹುಡುಗನನ್ನೇ ಬೈಯುತ್ತಾರೆ. ಅರಿಶಿನ ಸಾರಿಗೆ ಒಳ್ಳೆಯದೇ. ಆದರೆ ಅಡುಗೆಮನೆಯ ಡಬ್ಬಕ್ಕೆ ಎಲ್ಲರೂ ಕೈ ಹಾಕಿರುತ್ತಾರೆ. ಆ ಪುಡಿ ಗಾಯದೊಳಗೆ ಕೂತರೆ ತೊಳೆಯುವುದು ಕಷ್ಟ. ಗಾಯ ಎಷ್ಟು ಆಳ ಇದೆ ಅಂತ ಡಾಕ್ಟರಿಗೂ ಕಾಣುವುದಿಲ್ಲ.

ಮಣ್ಣು ಮತ್ತು ಸಗಣಿಯ ವಿಷಯವಂತೂ ಇನ್ನೂ ದೊಡ್ಡದು. ಧನುರ್ವಾಯು ರೋಗದ ಸೂಕ್ಷ್ಮಾಣು ಮಣ್ಣಿನಲ್ಲಿ, ದನಗಳ ಸಗಣಿಯಲ್ಲಿ ಇರುತ್ತದೆ. ಗಾಳಿ ಆಡದ ಆಳವಾದ ಗಾಯದಲ್ಲಿ ಅದು ಬೆಳೆಯುತ್ತದೆ. ಆ ರೋಗ ಬಂದರೆ ದವಡೆ ಕಚ್ಚಿಕೊಂಡು ಮೈ ಬಿಲ್ಲಿನ ಹಾಗೆ ಬಗ್ಗುತ್ತದೆ, ಪ್ರಾಣವೇ ಹೋಗಬಹುದು. ಅದಕ್ಕೇ ನಮಗೆ 10 ವರ್ಷಕ್ಕೆ ಮತ್ತು 16 ವರ್ಷಕ್ಕೆ ಟಿಡಿ ಚುಚ್ಚುಮದ್ದು ಹಾಕುವುದು. ಶಾಲೆಗೆ ಸಿಸ್ಟರ್ ಬಂದಾಗ ಕಾಂಪೌಂಡ್ ಹಾರಿ ಓಡುವವರು ಇದನ್ನು ದಯವಿಟ್ಟು ಓದಬೇಕು.

ಗಾಯವನ್ನು ಶುಚಿಯಾಗಿ ಇಡಬೇಕು ಎಂಬುದು ದೊಡ್ಡ ದೊಡ್ಡ ಡಾಕ್ಟರುಗಳಿಗೂ ಒಂದು ಕಾಲದಲ್ಲಿ ಗೊತ್ತಿರಲಿಲ್ಲ. ಸೂಕ್ಷ್ಮಾಣುಗಳ ಬಗ್ಗೆ ಲೂಯಿ ಪ್ಯಾಶ್ಚರ್ ಹೇಳಿದ್ದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಯ ಜೋಸೆಫ್ ಲಿಸ್ಟರ್ ಎಂಬ ಡಾಕ್ಟರು ಓದಿದ್ದರು. 1865ರ ಆಗಸ್ಟ್ ತಿಂಗಳಲ್ಲಿ ಅವರ ಹತ್ತಿರ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ಕರೆತಂದರು. ಅವನಿಗೆ 11 ವರ್ಷ, ನಮ್ಮ ಐದನೇ ತರಗತಿಯವರಷ್ಟು. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದು ಚರ್ಮ ಸೀಳಿತ್ತು. ಆಗೆಲ್ಲ ಇಂಥ ಗಾಯ ಕೊಳೆತು, ಕಾಲನ್ನೇ ಕತ್ತರಿಸಬೇಕಾಗಿ ಬರುತ್ತಿತ್ತು. ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿಟ್ಟರು. ಕೀವು ಆಗಲಿಲ್ಲ. ಸುಮಾರು ಆರು ವಾರದಲ್ಲಿ ಮೂಳೆ ಕೂಡಿಕೊಂಡಿತು. 1867ರಲ್ಲಿ ಅವರು ಇದನ್ನೆಲ್ಲ ವೈದ್ಯರ ಪತ್ರಿಕೆಯಲ್ಲಿ ಬರೆದರು. ಆಮೇಲೆ ಅವರು ಗಾಜ್ ಬಟ್ಟೆಗೇ ಆ ಔಷಧಿ ಸೇರಿಸಿ ಎಂಟು ಮಡಿಕೆ ಮಾಡಿ ಇಡುತ್ತಿದ್ದರು. ಕಾರ್ಬಾಲಿಕ್ ಆಮ್ಲ ಚರ್ಮ ಸುಡುತ್ತದೆ, ನಾವು ಮುಟ್ಟಬಾರದು. ಈಗ ಗಾಜ್ ಬಟ್ಟೆಯನ್ನು ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿ ಬಿಸಿ ಹಬೆಗೆ ಇಟ್ಟೋ, ಬೇರೆ ವಿಧಾನದಿಂದಲೋ ಸೂಕ್ಷ್ಮಾಣು ಇಲ್ಲದ ಹಾಗೆ ಮಾಡಿ ಪ್ಯಾಕೆಟ್ಟಿಗೆ ಹಾಕುತ್ತಾರೆ.

‘ಗಾಯಕ್ಕೆ ಗಾಳಿ ಆಡಲಿ, ಒಣಗಲಿ’ ಅಂತ ಬಿಟ್ಟುಬಿಡುವವರೂ ಇದ್ದಾರೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪರೀಕ್ಷೆ ಮಾಡಿ, ಒಣಗಲು ಬಿಟ್ಟ ಗಾಯಕ್ಕಿಂತ ಮುಚ್ಚಿ ಸ್ವಲ್ಪ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಬರುತ್ತದೆ ಅಂತ ತೋರಿಸಿದರು. ಮುಚ್ಚಿದರೆ ನೊಣವೂ ಕೂರುವುದಿಲ್ಲ, ಆಟದ ಮೈದಾನದ ಧೂಳೂ ಸೇರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಆಶಾ ಅಕ್ಕ ಮತ್ತು ಆಸ್ಪತ್ರೆಯ ಸಿಸ್ಟರ್ ಹತ್ತಿರ ಕೇಳಿ ತಿಳಿದುಕೊಂಡು ಬರೆದಿದ್ದೇನೆ.

1. ಗಾಯಕ್ಕೆ ತಾಗುವುದು ಪ್ಯಾಕೆಟ್ಟಿನ ಗಾಜ್ ಆಗಿರಬೇಕು. ಪ್ಯಾಕೆಟ್ ಹರಿದಿದ್ದರೆ, ನೆನೆದಿದ್ದರೆ, ತಾರೀಖು ಮುಗಿದಿದ್ದರೆ ಅದು ಬೇಡ. ಗಾಯಕ್ಕಿಂತ ಸುತ್ತಲೂ ಎರಡು ಬೆರಳು ಅಗಲ ಇರಬೇಕು.

2. ಸುರುಳಿ ಬ್ಯಾಂಡೇಜ್ ಬಟ್ಟೆ ಮೇಲೆ ಸುತ್ತುವುದಕ್ಕೆ ಮಾತ್ರ. ಅದು ಗಾಜ್ ಜಾರದ ಹಾಗೆ ಹಿಡಿದುಕೊಳ್ಳುತ್ತದೆ.

3. ಹತ್ತಿಯನ್ನು ಯಾವತ್ತೂ ಗಾಯದ ಮೇಲೆ ನೇರವಾಗಿ ಇಡಬಾರದು. ಎಳೆಗಳು ಗಾಯದಲ್ಲಿ ಸಿಕ್ಕಿಕೊಳ್ಳುತ್ತವೆ. ಬೇಕಿದ್ದರೆ ಗಾಜ್ ಮೇಲೆ ಇಡಬಹುದು.

4. ಸುಟ್ಟ ಗಾಯಕ್ಕೆ ಒಣ ಗಾಜ್ ಅಂಟಿಕೊಳ್ಳುತ್ತದೆ. ಅದಕ್ಕೆ ಮೇಣದಂಥ ಜಿಡ್ಡು ಸವರಿದ ಗಾಜ್ ಆಸ್ಪತ್ರೆಯಲ್ಲಿ ಇರುತ್ತದೆ. ಸುಟ್ಟ ಕೂಡಲೆ ಇಂಕು, ಪೇಸ್ಟು ಹಚ್ಚಬಾರದು. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು.

5. ಮನೆಯಲ್ಲಿ ಗಾಜ್ ಇಲ್ಲದಿದ್ದರೆ ಹಳೆಯ ಹತ್ತಿ ಪಂಚೆ ಅಥವಾ ಸೀರೆಯ ತುಂಡನ್ನು ಸೋಪು ಹಾಕಿ ಒಗೆದು, ನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಚೊಕ್ಕಟ ಕವರಿನಲ್ಲಿ ಮೊದಲೇ ಮಡಿಸಿ ಇಟ್ಟುಕೊಳ್ಳಬಹುದು. ಗಾಯವಾದ ಮೇಲೆ ಹುಡುಕಿದರೆ ಸಿಗುವುದು ಕೈ ಒರೆಸುವ ಬಟ್ಟೆಯೇ.

ಕಟ್ಟುವ ಕ್ರಮವೂ ಮುಖ್ಯ. ಮೊದಲು ಕಟ್ಟುವವರು ಸೋಪಿನಿಂದ ಕೈ ತೊಳೆಯಬೇಕು. ಆಮೇಲೆ ಗಾಯವನ್ನು ಕುಡಿಯುವ ನೀರಿನ ನಲ್ಲಿಯ ಕೆಳಗೆ ಹಿಡಿದು ಮಣ್ಣು, ಕಲ್ಲಿನ ಪುಡಿ ಹೋಗುವ ತನಕ ತೊಳೆಯಬೇಕು. ರಕ್ತ ಜೋರಾಗಿ ಬರುತ್ತಿದ್ದರೆ ಮಾತ್ರ ತೊಳೆಯುತ್ತಾ ಕೂರದೆ, ಗಾಜ್ ಮಡಿಸಿಟ್ಟು ಹತ್ತು ನಿಮಿಷ ಅಂಗೈಯಿಂದ ಒತ್ತಿ ಹಿಡಿಯಬೇಕು. ‘ನಿಂತಿತಾ’ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬಾರದು. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಡಬೇಕು. ಕಟ್ಟು ತುಂಬ ಬಿಗಿ ಆಗಬಾರದು. ಬೆರಳಿನ ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ಕೂಡಲೆ ಕೆಂಪಾಗಬೇಕು. ಆಗದಿದ್ದರೆ ಸಡಿಲ ಮಾಡಬೇಕು. ದಿನಕ್ಕೊಮ್ಮೆ ಗಾಜ್ ಬದಲಿಸಬೇಕು. ನೆನೆದರೆ, ಕೊಳೆಯಾದರೆ ಅವತ್ತೇ ಬದಲಿಸಬೇಕು. ಅಂಟಿಕೊಂಡಿದ್ದರೆ ಎಳೆಯಬೇಡಿ, ಕುದಿಸಿ ಆರಿಸಿದ ನೀರು ಹಾಕಿ ನೆನೆಸಿದರೆ ತಾನೇ ಬಿಡುತ್ತದೆ. ತೆಗೆದ ಬಟ್ಟೆಯನ್ನು ತಿಪ್ಪೆಗೆ ಎಸೆದರೆ ನಾಯಿ ಎಳೆದು ತರುತ್ತದೆ, ಗುಂಡಿ ತೋಡಿ ಹೂಳಬೇಕು.

ಎಲ್ಲ ಗಾಯಕ್ಕೂ ನಾವೇ ಡಾಕ್ಟರು ಆಗುವುದೂ ತಪ್ಪು. ಬಾಯಿ ಬಿಟ್ಟ ಗಾಯ, ನಿಲ್ಲದ ರಕ್ತ, ಮೊಳೆ ಚುಚ್ಚಿದ ಗಾಯ, ಒಳಗೆ ಗಾಜಿನ ಚೂರು ಸೇರಿದ ಗಾಯ, ಇವಕ್ಕೆ ಆಸ್ಪತ್ರೆಯೇ ಸರಿ. ಆಳಕ್ಕೆ ಚುಚ್ಚಿಕೊಂಡಿರುವುದನ್ನು ನಾವು ಕೀಳಬಾರದು. ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕಟ್ಟು ಕಟ್ಟದೆ ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಬೇಕು. ಮೆಣಸಿನಪುಡಿ, ಸುಣ್ಣ ಹಚ್ಚಿ ಮನೆಯಲ್ಲಿ ಕೂರಬಾರದು. ಗಾಯದ ಸುತ್ತ ಕೆಂಪು ಹರಡಿದರೆ, ಊದಿದರೆ, ವಾಸನೆ ಬಂದರೆ, ಜ್ವರ ಬಂದರೂ ಅಷ್ಟೇ. ಸಕ್ಕರೆ ಕಾಯಿಲೆ ಇರುವ ಅಜ್ಜ ಅಜ್ಜಿಯರ ಕಾಲಿನ ಗಾಯ ಎಷ್ಟು ಚಿಕ್ಕದಿದ್ದರೂ ತೋರಿಸಬೇಕು. ಅವರಿಗೆ ನೋವು ಗೊತ್ತಾಗದೆ ಒಳಗೇ ಹೆಚ್ಚಾಗುತ್ತದೆ.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಗುರುಗಳು ಕೋಪ ಮಾಡಿಕೊಳ್ಳಬಾರದು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಆಫೀಸಿನ ಬೀರುವಿನಲ್ಲಿದೆ. ಬೀರುವಿಗೆ ಬೀಗ ಇದೆ. ಬೀಗದ ಕೈ ಇರುವ ಮೇಷ್ಟ್ರು ಮೀಟಿಂಗಿಗೆ ಹೋದ ದಿನವೇ ಯಾರಾದರೂ ಕಬಡ್ಡಿಯಲ್ಲಿ ಬೀಳುತ್ತಾರೆ. ಪೆಟ್ಟಿಗೆಯ ಒಳಗೆ ಇರುವುದೂ ಒಂದು ಹತ್ತಿಯ ಸುರುಳಿ, ಒಣಗಿದ ಟಿಂಚರ್ ಬಾಟಲಿ, ಅಂಟು ಹೋದ ಪ್ಲಾಸ್ಟರ್. ಗಾಜ್ ಇಲ್ಲವೇ ಇಲ್ಲ.

ಪೆಟ್ಟಿಗೆ ಹೊರಗಿಟ್ಟರೆ ಚಿಕ್ಕ ಮಕ್ಕಳು ಮಾತ್ರೆ ನುಂಗಿಬಿಟ್ಟರೆ ಅಂತ ಗುರುಗಳಿಗೆ ಭಯ ಇರಬಹುದು. ಆ ಭಯ ನ್ಯಾಯವೇ. ಅದಕ್ಕೆ ಎರಡು ಪೆಟ್ಟಿಗೆ ಮಾಡೋಣ. ಮಾತ್ರೆ ಔಷಧಿ ಬೀರುವಿನಲ್ಲೇ ಇರಲಿ. ಗಾಜ್, ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಸೋಪು ಇರುವ ಇನ್ನೊಂದು ಪೆಟ್ಟಿಗೆ ನಲ್ಲಿಯ ಹತ್ತಿರದ ಜಗಲಿಯಲ್ಲಿ ಮುಚ್ಚಳ ಹಾಕಿ ಇರಲಿ, ಬೀಗ ಬೇಡ. ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿ ಇದುವರೆಗೆ ಉಗುರು ನೋಡುವ ಕೆಲಸ ಮಾತ್ರ ಮಾಡುತ್ತಿದ್ದಾರೆ. ಅವರು ಪ್ರತಿ ಶನಿವಾರ ಪೆಟ್ಟಿಗೆ ನೋಡಿ, ಏನು ಖರ್ಚಾಯಿತು ಅಂತ ಪುಸ್ತಕದಲ್ಲಿ ಬರೆಯಲಿ. ಆಶಾ ಅಕ್ಕನನ್ನು ಒಂದು ದಿನ ಕರೆಸಿ ಆರು, ಏಳನೇ ತರಗತಿಯವರಿಗೆ ಕಟ್ಟುವುದನ್ನು ಕಲಿಸಿಕೊಡಲಿ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಪೇಟೆಯ ಮೆಡಿಕಲ್ ಶಾಪಿನಲ್ಲಿ ನಾನು ವಿಚಾರಿಸಿದೆ. ಒಂದು ಸಣ್ಣ ಗಾಜ್ ಪ್ಯಾಕೆಟ್ಟಿನ ಬೆಲೆ ಒಂದು ನೋಟ್‌ಬುಕ್ಕಿಗಿಂತ ಕಡಿಮೆ. ಎಸ್‌ಡಿಎಂಸಿ ಸಭೆಯಲ್ಲಿ ಗುರುಗಳು ಈ ಮಾತು ಎತ್ತಬೇಕು. ಅಲ್ಲಿಯ ತನಕ ನಮ್ಮ ತರಗತಿಯವರು ತಲಾ ಐದು ರೂಪಾಯಿ ಹಾಕಲು ಸಿದ್ಧ ಇದ್ದೇವೆ. ಹದಿನೆಂಟು ಜನ ಈಗಾಗಲೇ ಒಪ್ಪಿದ್ದಾರೆ.

ಕಾಫಿಪುಡಿ ಕಾಫಿಗೇ ಇರಲಿ, ಅರಿಶಿನ ಸಾರಿಗೇ ಇರಲಿ. ಮುಂದಿನ ತಿಂಗಳು ರಾಗಿ ಕುಯ್ಲು ಶುರುವಾಗುತ್ತದೆ, ನಮ್ಮಲ್ಲಿ ಅರ್ಧ ಜನ ರಜೆಯಲ್ಲಿ ಕುಡುಗೋಲು ಹಿಡಿಯುವವರೇ. ಪೆಟ್ಟಿಗೆ ಅಷ್ಟರೊಳಗೆ ಜಗಲಿಗೆ ಬರಲಿ ಎಂದು ಕೇಳಿಕೊಂಡು ನನ್ನ ಲೇಖನ ಮುಗಿಸುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಿರಿ.



— ಏಳನೇ ತರಗತಿಯ ವಿದ್ಯಾರ್ಥಿನಿ