ಒಂದು ವೈರು, ಮೂರು ಹೆಸರು

ಟ್ಯೂಬ್ ಆಂಪ್ಲಿಫೈಯರ್ ಕೊಳ್ಳೋಣ ಅಂತ ಮೊಬೈಲಲ್ಲಿ ಹುಡುಕಿದರೆ ಮೊದಲು ಎದುರಾಗೋದು ಹೆಸರುಗಳ ಸಂತೆ. ಟ್ರಯೋಡ್, ಪೆಂಟೋಡ್, ಅಲ್ಟ್ರಾಲೀನಿಯರ್, ವಿಲಿಯಮ್ಸನ್, ಮುಲ್ಲಾರ್ಡ್ 5-10... ಕೇಳೋಕೆ ಮಂತ್ರದ ಹಾಗಿರುತ್ತೆ. ಹೆಸರು ಭಾರಿಯಾದಷ್ಟೂ ಬೆಲೆಯೂ ಏರುತ್ತೆ. ಆದರೆ ಸರ್ಕ್ಯೂಟ್ ಚಿತ್ರ ಮುಂದಿಟ್ಟುಕೊಂಡು ನೋಡಿ, ಇವುಗಳಲ್ಲಿ ಮೂರರ ಗುಟ್ಟು ಒಂದೇ ವೈರಿನಲ್ಲಿದೆ.

ಇಎಲ್34 ಎಂಬ ಪವರ್ ಟ್ಯೂಬನ್ನೇ ತಗೊಳ್ಳಿ. ಒಳಗೆ ಬಿಸಿಯಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ, ಪ್ಲೇಟ್ ಅವನ್ನು ಸೆಳೆಯುತ್ತದೆ. ನಡುವೆ ಜರಡಿಯಂಥ ಮೂರು ಗ್ರಿಡ್‌ಗಳು. ಮೊದಲನೆಯದಕ್ಕೆ ನಮ್ಮ ಹಾಡಿನ ಸಿಗ್ನಲ್ ಬರುತ್ತದೆ. ಎರಡನೆಯದು ಸ್ಕ್ರೀನ್ ಗ್ರಿಡ್. ನಾನು ಹೇಳಿದ ವೈರು ಇದರದ್ದೇ.

ಅದನ್ನು ನೇರ ಪವರ್ ಸಪ್ಲೈಗೆ ಕೊಟ್ಟರೆ ಪೆಂಟೋಡ್: ವಾಟ್ ಜಾಸ್ತಿ, ಡಿಸ್ಟಾರ್ಷನ್ನೂ ಜಾಸ್ತಿ. ಪ್ಲೇಟಿಗೆ ಕಟ್ಟಿದರೆ ಅದೇ ಟ್ಯೂಬು ಟ್ರಯೋಡ್‌ನಂತೆ ನಡೆಯುತ್ತದೆ: ವಾಟ್ ಕಡಿಮೆ, ಸದ್ದು ಶುದ್ಧ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುರುಳಿಯ ಮಧ್ಯದ ಒಂದು ಟ್ಯಾಪ್‌ಗೆ ಕೊಟ್ಟರೆ ಅಲ್ಟ್ರಾಲೀನಿಯರ್: ಪೆಂಟೋಡ್‌ಗೆ ಹತ್ತಿರದ ವಾಟ್, ಟ್ರಯೋಡ್‌ಗೆ ಹತ್ತಿರದ ಶುದ್ಧತೆ. ಅಷ್ಟೇ ಕಣ್ರೀ!

ಉಳಿದ ಎರಡು? ವಿಲಿಯಮ್ಸನ್ ಅನ್ನೋದು ಮನುಷ್ಯನ ಹೆಸರು. 1947ರಲ್ಲಿ ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಪ್ರಕಟಿಸಿದ ಸರ್ಕ್ಯೂಟ್ ಅದು. ಎರಡು ಕೆಟಿ66 ಟ್ಯೂಬುಗಳನ್ನು ಟ್ರಯೋಡ್ ಮಾಡಿ ಜೋಡಿಯಾಗಿ ದುಡಿಸಿ ಸುಮಾರು 15 ವಾಟ್ ತೆಗೆದರು. ಮುಲ್ಲಾರ್ಡ್ 5-10 ಬರೀ ಲೆಕ್ಕ: ಐದು ಟ್ಯೂಬು, ಹತ್ತು ವಾಟ್. ನನಗೆ ಇಷ್ಟವಾದದ್ದು ಈ ಹೆಸರೇ. ಒಳ್ಳೆಯ ಫಂಕ್ಷನ್ ಹೆಸರಿನ ಹಾಗೆ, ಏನಿದೆಯೋ ಅದನ್ನೇ ಹೇಳುತ್ತೆ.

ಅಲ್ಟ್ರಾಲೀನಿಯರ್ ಕಥೆ ಮಾತ್ರ ಬೇರೆ. ಅದು ಜನಪ್ರಿಯವಾಗಿದ್ದು 1951ರಲ್ಲಿ ಅಮೆರಿಕದ ಹಾಫ್ಲರ್ ಮತ್ತು ಕೀರೋಸ್ ಬರೆದ ಲೇಖನದಿಂದ. ಆದರೆ ಟ್ಯಾಪ್‌ಗೆ ಜೋಡಿಸುವ ಉಪಾಯಕ್ಕೆ ಬ್ರಿಟನ್ನಿನ ಅಲನ್ ಬ್ಲಮ್ಲೈನ್ 1937ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಸ್ಟೀರಿಯೋ ಧ್ವನಿಮುದ್ರಣದ ಪೇಟೆಂಟೂ ಅವರದ್ದೇ. 1942ರಲ್ಲಿ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ತೀರಿಕೊಂಡಾಗ ಅವರಿಗಿನ್ನೂ 38 ವರ್ಷ. ಉಪಾಯ ಒಬ್ಬರದು, ಹೆಸರು ಇನ್ನೊಬ್ಬರಿಟ್ಟದ್ದು. ಇವತ್ತು ಪೆಟ್ಟಿಗೆಯ ಮೇಲೆ ಮಿಂಚೋದು ಆ ಹೆಸರೇ.

ಆದ್ದರಿಂದ ದುಡ್ಡು ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಸ್ಕ್ರೀನ್ ವೈರು ಎಲ್ಲಿಗೆ ಹೋಗಿದೆ? ಎಷ್ಟು ಡಿಸ್ಟಾರ್ಷನ್‌ನಲ್ಲಿ ಎಷ್ಟು ವಾಟ್? ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಯಾವುದು? ಉತ್ತರ ಕೊಡದೆ ಹೆಸರನ್ನಷ್ಟೇ ಜಪಿಸುವವರಿಂದ ದೂರವಿರಿ.

ಮತ್ತೆ, ವೈರು ಎಲ್ಲಿದೆ ಅಂತ ನೋಡೋಕೆ ನೀವೇ ಮುಚ್ಚಳ ತೆಗೀಬೇಡಿ. ಒಳಗೆ 300-400 ವೋಲ್ಟ್ ಇರೋದು ಸಾಮಾನ್ಯ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತರೂ ಕೆಪಾಸಿಟರ್ ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರುತ್ತೆ, ಪ್ರಾಣಕ್ಕೇ ಕುತ್ತು. ಸರ್ಕ್ಯೂಟ್ ಚಿತ್ರ ಕೇಳಿ ಪಡೆಯಿರಿ. ಅದರಲ್ಲಿ ಬೆರಳಿಟ್ಟು ಆ ಒಂದು ವೈರನ್ನು ಹುಡುಕಿ ನೋಡಿ.