ಮಂಡಿಯ ಮನೆತನವೂ ಬೆಳೆಗಾರರ ಸಂಘವೂ

ಭೀಮಸಮುದ್ರದ ಹೆಸರು ಕೇಳದ ಅಡಿಕೆ ಬೆಳೆಗಾರ ನಮ್ಮ ಸೀಮೆಯಲ್ಲಿ ಇರಲಾರ. ಚಿತ್ರದುರ್ಗ ತಾಲ್ಲೂಕಿನ ಈ ಊರು ಹೆಸರಿಗೆ ಹಳ್ಳಿ, ವ್ಯವಹಾರಕ್ಕೆ ಪೇಟೆ. ದೊಡ್ಡ ಕೆರೆ, ಕೆರೆಯ ಕೆಳಗೆ ತೋಟ, ತೋಟದ ಮಗ್ಗುಲಲ್ಲೇ ಮಂಡಿ. ಸುತ್ತಿನ ತೋಟಗಳ ರಾಶಿ, ಬೆಟ್ಟೆ, ಆಪಿ, ಕೆಂಪುಗೋಟು ಇಲ್ಲಿ ತೂಕವಾಗಿ, ಚೀಲ ಹೊಲಿಸಿಕೊಂಡು, ಲಾರಿ ಏರಿ ಉತ್ತರ ಹಿಂದೂಸ್ಥಾನದ ದಾರಿ ಹಿಡಿಯುತ್ತವೆ.

ಈ ಊರಿನ ಅಡಿಕೆ ವರ್ತಕರಾಗಿದ್ದ ದಿವಂಗತ ಜಿ. ಮಲ್ಲಿಕಾರ್ಜುನಪ್ಪನವರ ಭಾವಚಿತ್ರವನ್ನು ನಮ್ಮ ಸಂಘದ ಸಭಾಂಗಣದಲ್ಲಿ ಹಾಕಬೇಕೆಂದು ಬಯಲಿನ ಕಡೆಯ ಕೆಲವು ಸದಸ್ಯರು ಬರೆದಿದ್ದಾರೆ. ಸಹಕಾರಿ ಸಂಸ್ಥೆಯ ಗೋಡೆಯ ಮೇಲೆ ಮಂಡಿಯವರ ಚಿತ್ರ ಏಕೆಂದು ಬೇರೆ ಕೆಲವರು ಅಷ್ಟೇ ಖಾರವಾಗಿ ಬರೆದಿದ್ದಾರೆ. ಎರಡೂ ಕಡೆಯ ಪತ್ರಗಳನ್ನು ನಾವು ಗೌರವದಿಂದಲೇ ಓದಿದ್ದೇವೆ. ಗೋಡೆಯ ಮೊಳೆಯ ವಿಚಾರ ಸಣ್ಣದು. ಅದರ ಹಿಂದಿರುವ ವಿಚಾರ ಸಣ್ಣದಲ್ಲವಾದ್ದರಿಂದ ಈ ನಾಲ್ಕು ಮಾತು.

ಮಲ್ಲಿಕಾರ್ಜುನಪ್ಪನವರು 1996ರಲ್ಲಿ ದಾವಣಗೆರೆ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು. 1998ರಲ್ಲಿ ಆ ಸ್ಥಾನ ದಾವಣಗೆರೆಯ ಶಾಮನೂರು ಶಿವಶಂಕರಪ್ಪನವರಿಗೆ ಸಿಕ್ಕಿತು. ಅವರೂ ವರ್ತಕ ಮನೆತನದವರೇ. ಬಾಪೂಜಿ ವಿದ್ಯಾಸಂಸ್ಥೆಯನ್ನು ಬೆಳೆಸಿದವರು. 1999ರಲ್ಲಿ ಮಲ್ಲಿಕಾರ್ಜುನಪ್ಪನವರು ಮತ್ತೆ ಗೆದ್ದರು. ಈ ನಡುವೆ 1997ರ ಆಗಸ್ಟಿನಲ್ಲಿ ಹಳೆಯ ಚಿತ್ರದುರ್ಗ ಜಿಲ್ಲೆ ಒಡೆದು ದಾವಣಗೆರೆ ಬೇರೆಯಾಗಿತ್ತು. ಒಂದು ಜಿಲ್ಲೆಯ ವರ್ತಕರು ಇನ್ನೊಂದು ಜಿಲ್ಲೆಯ ಪ್ರತಿನಿಧಿಯಾದರು. ಜನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಡಿಕೆಗೆ ಜಿಲ್ಲೆಯ ಗಡಿ ಎಲ್ಲಿಯದು? ದಾವಣಗೆರೆಯಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು 2001ರಲ್ಲಿ ಆರಂಭವಾಯಿತು. ಅದನ್ನು ನಡೆಸುವ ಶ್ರೀಶೈಲ ವಿದ್ಯಾಸಂಸ್ಥೆಯ ವಿಳಾಸದಲ್ಲಿ ಇಂದಿಗೂ ಭೀಮಸಮುದ್ರದ ಹೆಸರಿದೆ.

ಇದು ಒಬ್ಬರ ಕಥೆಯಲ್ಲ, ನಮ್ಮ ಪೇಟೆಗಳ ರೂಢಿ. ದಾವಣಗೆರೆಗೆ ಹೋದವರು ರಾಜನಹಳ್ಳಿ ಹನುಮಂತಪ್ಪನವರ ಛತ್ರವನ್ನು ನೋಡಿರುತ್ತಾರೆ, ಕಾಯಿಲೆ ಬಿದ್ದವರು ಚಿಗಟೇರಿ ಆಸ್ಪತ್ರೆಯ ಬಾಗಿಲಲ್ಲಿ ಕಾದಿರುತ್ತಾರೆ. ಹತ್ತಿಯಲ್ಲೋ ಕಾಳಿನಲ್ಲೋ ಅಡಿಕೆಯಲ್ಲೋ ನಾಲ್ಕು ಕಾಸು ಕಂಡ ಸಾಹುಕಾರ ಮೊದಲು ಛತ್ರ ಕಟ್ಟಿಸಿದ, ಆಮೇಲೆ ಶಾಲೆಗೆ ಜಾಗ ಕೊಟ್ಟ, ಆಮೇಲೆ ಪುರಸಭೆಗೆ ನಿಂತ. ಜನ ಓಟು ಹಾಕಿದ್ದು ಬರೀ ದುಡ್ಡಿಗೆ ಎಂದು ಹೇಳಿಬಿಡುವುದು ಸುಲಭ. ನಾವು ಹಾಗೆ ಹೇಳಲಾರೆವು.

ಮಂಡಿಯ ಗದ್ದಿಗೆಯ ಮೇಲೆ ಕುಳಿತವನ ಬಂಡವಾಳ ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಣ ಒಂದು ಪಾಲು ಮಾತ್ರ. ದೂರದ ಊರುಗಳ ಯಾವ ಖರೀದಿದಾರ ಮಾಲು ತಲುಪಿದ ಮೇಲೆ ಹಣ ಕಳಿಸುತ್ತಾನೆ, ಯಾವನು ಸತಾಯಿಸುತ್ತಾನೆ ಎಂಬ ತಿಳಿವಳಿಕೆ ಇನ್ನೊಂದು ಪಾಲು. ಟ್ರಂಕ್ ಕಾಲಿಗಾಗಿ ಅರ್ಧ ದಿನ ಕಾಯುತ್ತಿದ್ದ ಕಾಲದಲ್ಲಿ ಈ ತಿಳಿವಳಿಕೆಯೇ ವ್ಯಾಪಾರದ ಜೀವ. ಕೊಟ್ಟ ಮಾಲಿಗೆ ಹಣ ಬಾರದೆ ಮುಳುಗಿದ ಮಂಡಿಗಳೂ ಉಂಟು. ಉಳಿದ ಪಾಲೇ ಎಲ್ಲಕ್ಕಿಂತ ದೊಡ್ಡದು: ಬೆಳೆಗಾರನ ಪರಿಚಯ. ಯಾರ ತೋಟ ಎಷ್ಟು ಗಿಡ, ಯಾರ ಬೋರು ಬತ್ತಿದೆ, ಯಾರ ಮನೆಯಲ್ಲಿ ಮಾಘದಲ್ಲಿ ಮದುವೆ, ಯಾರು ಖೇಣಿಗೆ ಕೊಟ್ಟಿದ್ದಾರೆ, ಯಾರು ತಾವೇ ಸುಲಿದು ಬೇಯಿಸುತ್ತಾರೆ, ಇವೆಲ್ಲ ಗುಮಾಸ್ತೆಯ ಕಿರ್ದಿಯಲ್ಲಿ ಇರುವುದಿಲ್ಲ, ಸಾಹುಕಾರನ ತಲೆಯಲ್ಲಿರುತ್ತವೆ.

2016-17ರ ಬರವನ್ನು ಹೊಸದುರ್ಗ, ಹೊಳಲ್ಕೆರೆಯ ಸದಸ್ಯರಿಗೆ ನೆನಪಿಸಬೇಕಾಗಿಲ್ಲ. ಸಾವಿರ ಅಡಿ ಕೊರೆದರೂ ಧೂಳು ಬಂದ ಕಾಲ. ಟ್ಯಾಂಕರಿನಲ್ಲಿ ನೀರು ತಂದು ಗಿಡಗಳ ಬುಡಕ್ಕೆ ಹೊಯ್ದು ತೋಟ ಉಳಿಸಿಕೊಂಡವರಿದ್ದಾರೆ. ಉಳಿಸಿಕೊಳ್ಳಲಾಗದೆ ಮೂವತ್ತು ವರ್ಷದ ಮರಗಳನ್ನು ಕಡಿಸಿದವರೂ ಇದ್ದಾರೆ. ಟ್ಯಾಂಕರಿನವನಿಗೆ ಆ ಹೊತ್ತಿಗೇ ನಗದು ಕೊಡಬೇಕು. ಬ್ಯಾಂಕು ಪಹಣಿ ಕೇಳಿತು, ಋಣಭಾರ ಪತ್ರ ಕೇಳಿತು, ಸೋಮವಾರ ಬನ್ನಿ ಎಂದಿತು. ಮಂಡಿಯವನು ಏನೂ ಕೇಳದೆ ಕಪಾಟು ತೆರೆದ. ಆ ಬೇಸಿಗೆಯಲ್ಲಿ ಕೈ ಹಿಡಿದವನನ್ನು ಬೆಳೆಗಾರ ಶೋಷಕ ಎಂದು ಕರೆಯಬೇಕೆಂದು ನಾವು ಭಾಷಣ ಮಾಡಿದರೆ ಅವನು ಎದ್ದು ಹೋಗುತ್ತಾನೆ. ಹೋಗಬೇಕಾದ್ದೇ. ಮುಂದೆ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿ ಕೋಡಿ ಬಿದ್ದಾಗ ಊರೂರಿನ ಜನ ಬಾಗಿನ ಹಿಡಿದು ಓಡಿದರಲ್ಲ, ಆ ಸಂತೋಷದ ಆಳ ಗೊತ್ತಾಗಬೇಕಾದರೆ ಹಿಂದಿನ ಆ ಟ್ಯಾಂಕರಿನ ದಿನಗಳನ್ನು ಕಂಡಿರಬೇಕು.

ಆದರೆ ಕಪಾಟು ತೆರೆದದ್ದರ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಮುಂಗಡ ತಂದವನು ಮಾಲನ್ನು ಅದೇ ಮಂಡಿಗೆ ಹಾಕಬೇಕು. ಧಾರಣೆ ಏರುವವರೆಗೆ ಕಾಯುವ ಹಕ್ಕು ಅವನಿಗಿಲ್ಲ. ಬಡ್ಡಿ ಎಷ್ಟೆಂದು ಬಾಯಲ್ಲಿ ಹೇಳಿದ್ದು ಒಂದು, ಪಟ್ಟಿಯಲ್ಲಿ ಮುರಿದದ್ದು ಒಂದು ಆಗುವುದುಂಟು. ಬಿಳಿ ಚೀಟಿಯ ವ್ಯಾಪಾರದಲ್ಲಿ ತಕರಾರು ಬಂದರೆ ತೋರಿಸಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಇದನ್ನು ಯಾವುದೇ ಒಂದು ಮನೆತನದ ಮೇಲೆ ನಾವು ಹೊರಿಸುತ್ತಿಲ್ಲ. ಇದು ಪದ್ಧತಿಯ ಗುಣ. ಒಳ್ಳೆಯ ಸಾಹುಕಾರನ ಕೈಯಲ್ಲಿ ಅದು ತಣ್ಣಗಿರುತ್ತದೆ, ಅವನ ಮಗನ ಕೈಯಲ್ಲೋ ಪಾಲುದಾರನ ಕೈಯಲ್ಲೋ ಸುಡುತ್ತದೆ.

ಇನ್ನೊಂದು ಮಾತೂ ಇದೆ. ವರ್ತಕನಿಗೆ ಬೇಕಾದದ್ದು ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರ. ಬೆಳೆಗಾರನಿಗೆ ಬೇಕಾದದ್ದು ಧಾರಣೆ. ಧಾರಣೆ ಏರಿದರೂ ಇಳಿದರೂ ಅಂತರ ಉಳಿದರೆ ಮಂಡಿ ನಡೆಯುತ್ತದೆ. ತೋಟ ಹಾಗೆ ನಡೆಯದು. 2000ದ ಸುಮಾರಿಗೆ ಅಡಿಕೆ ಧಾರಣೆ ಬಿದ್ದಾಗ ಮದುವೆಗಳು ಮುಂದಕ್ಕೆ ಹೋದದ್ದು ತೋಟದ ಮನೆಗಳಲ್ಲಿ. ಹೊರದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆ ಎಷ್ಟಿರಬೇಕು ಎಂಬ ಪ್ರಶ್ನೆ ದೆಹಲಿಯಲ್ಲಿ ಏಳುತ್ತದೆ. 2017ರಲ್ಲಿ ಅದು ಕಿಲೋಗೆ 251 ರೂಪಾಯಿ ಆಯಿತು, 2023ರಲ್ಲಿ 351 ಆಯಿತು. ಇಂಥ ವೇಳೆ ಬೆಳೆಗಾರನ ಪರವಾಗಿ ಮಾತಾಡುವವರು ಬೆಳೆಗಾರರಿಂದಲೇ ಬಂದವರಾಗಿದ್ದರೆ ಒಳ್ಳೆಯದಲ್ಲವೇ?

ದಾವಣಗೆರೆ ಕ್ಷೇತ್ರದ ಲೆಕ್ಕವನ್ನೇ ನೋಡಿ. ಅದರಲ್ಲಿ ಚನ್ನಗಿರಿ ಇದೆ. ಅಡಿಕೆಯ ದೊಡ್ಡ ಸೀಮೆ. ಅಲ್ಲಿ 1998ರಿಂದ 2024ರವರೆಗೆ ಬಹುಪಾಲು ಚುನಾವಣೆಗಳು ಎರಡೇ ವರ್ತಕ ಮನೆತನಗಳ ನಡುವೆ ನಡೆದವು. ಮಲ್ಲಿಕಾರ್ಜುನಪ್ಪನವರ ಮಗ ಜಿ. ಎಂ. ಸಿದ್ದೇಶ್ವರರು 2004ರಿಂದ ನಾಲ್ಕು ಬಾರಿ ಗೆದ್ದರು. 2024ರಲ್ಲಿ ಶಾಮನೂರು ಮನೆತನದ ಸೊಸೆ ಪ್ರಭಾ ಮಲ್ಲಿಕಾರ್ಜುನ್ ಗೆದ್ದರು. ಪಕ್ಷದ ಮಾತು ಈ ಪತ್ರಿಕೆಗೆ ಬೇಡ, ಅದನ್ನು ಹಿಂದಿನಿಂದಲೂ ದೂರವೇ ಇಟ್ಟಿದ್ದೇವೆ. ಕೇಳಬೇಕಾದದ್ದು ಇಷ್ಟೇ: ಇಷ್ಟು ವರ್ಷಗಳಲ್ಲಿ ಯಾವುದಾದರೂ ಬೆಳೆಗಾರರ ಸಂಘದಲ್ಲಿ ಬೆಳೆದ ವ್ಯಕ್ತಿಯೊಬ್ಬರ ಹೆಸರು ಅಲ್ಲಿಯ ಜನರ ಬಾಯಲ್ಲಿ ಏಕೆ ಬರಲಿಲ್ಲ?

ಘಟ್ಟದ ಕೆಳಗೆ ಹೀಗಾಗಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಅಲ್ಲಿಯ ಬೆಳೆಗಾರರು ಒಟ್ಟಾಗಿ 1973ರ ಜುಲೈನಲ್ಲಿ ಕ್ಯಾಂಪ್ಕೋ ಕಟ್ಟಿದರು. ಅದರ ಮೊದಲ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು. ಇಂದಿಗೂ ಪುತ್ತೂರಿನಲ್ಲಿ ಅಡಿಕೆಯ ಮಾತು ಬಂದರೆ ಸಂಸ್ಥೆಯ ಹೆಸರು ಬರುತ್ತದೆ, ಅದರ ಜೊತೆ ಭಟ್ಟರ ಹೆಸರು ಬರುತ್ತದೆ. ಶಿರಸಿಯಲ್ಲಿ 1923ರಿಂದ, ಶಿವಮೊಗ್ಗದಲ್ಲಿ 1939ರಿಂದ ಸಂಘಗಳು ನಡೆದುಬಂದಿವೆ. ನಮ್ಮ ಬಯಲಿನಲ್ಲಿ ಮಾತ್ರ ಅಡಿಕೆಯೆಂದರೆ ಮೊದಲು ಬರುವುದು ಮನೆತನದ ಹೆಸರು.

ಇದೆಲ್ಲ ಅಡಿಕೆಯವರ ತಾಪತ್ರಯ, ನಮಗೇನು ಎಂದು ಗಿರಿಯ ಕಡೆಯ ಕಾಫಿ ಸದಸ್ಯರು ಪುಟ ತಿರುವಬಾರದು. ಕಾಫಿ ಮಂಡಳಿಯ ಪೂಲ್ ಇದ್ದಷ್ಟು ಕಾಲ ನಮಗೆ ವರ್ತಕನ ಮುಖ ನೋಡುವ ಅಗತ್ಯವಿರಲಿಲ್ಲ. ಡಿಪೋಗೆ ಮಾಲು ಹಾಕಿ, ಕಂತಿನ ಹಣಕ್ಕೆ ಕಾಯುತ್ತ, ಮಂಡಳಿಯನ್ನು ಬೈಯುತ್ತ ಕೂರುತ್ತಿದ್ದೆವು. 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ಭೀಮಸಮುದ್ರದ ವರ್ತಕರು ಮೊದಲ ಸಲ ಲೋಕಸಭೆಗೆ ಹೋದ ವರ್ಷವೂ ಅದೇ, ಕಾಕತಾಳೀಯವೇ ಇರಲಿ. ಅಂದಿನಿಂದ ವ್ಯಾಪಾರಿ ಗೇಟಿನಲ್ಲೇ ನಿಂತು ಮುಂಗಡ ಕೊಡುತ್ತಿದ್ದಾನೆ. ಬಯಲಿನ ಅಡಿಕೆಯವನು ತಲೆಮಾರುಗಳಿಂದ ನಿಂತ ಜಾಗದಲ್ಲಿ ಈಗ ಚೆರ್ರಿ ಒಣಗಿಸುವ ಸಣ್ಣ ಹಿಡುವಳಿದಾರನೂ ನಿಂತಿದ್ದಾನೆ.

ಸಹಕಾರದ ಪರವಾಗಿ ಮಾತಾಡುವವರು ಮಂಡಿಯನ್ನು ದೂರುವ ಮೊದಲು ಮಂಡಿಯ ಕೆಲಸವನ್ನು ಕಲಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಂಜೆ ಐದಕ್ಕೆ ಬಾಗಿಲು ಹಾಕುವ, ಠರಾವಿಲ್ಲದೆ ಹತ್ತು ರೂಪಾಯಿ ಕೊಡಲಾಗದ ಸಂಘದ ಹತ್ತಿರ ಮಗುವಿನ ಆಸ್ಪತ್ರೆ ಖರ್ಚಿಗೆ ಯಾರು ಬರುತ್ತಾರೆ? ಉಪನಿಯಮದ ಪುಸ್ತಕ ತೋರಿಸಿದರೆ ಜ್ವರ ಇಳಿಯುವುದಿಲ್ಲ. ಸಾಹುಕಾರನ ಔದಾರ್ಯಕ್ಕೂ ಸಂಘದ ನೆರವಿಗೂ ಇರುವ ವ್ಯತ್ಯಾಸವಾದರೂ ಏನು? ಅವನ ಹತ್ತಿರ ಕೈಕಟ್ಟಿ ನಿಂತು ಕೇಳಬೇಕು, ಇಲ್ಲಿ ಪಾಲುದಾರನಾಗಿ ಕೇಳಬಹುದು. ಕೇಳಿದಾಗ ಸಿಗದಿದ್ದರೆ ಆ ಪಾಲು ಪತ್ರ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಡಲಿಕ್ಕೆ ಮಾತ್ರ ಸರಿ.

ವಿದ್ಯೆಯ ವಿಚಾರವೂ ಹಾಗೆಯೇ. ವರ್ತಕರು ಕಾಲೇಜು ಕಟ್ಟಿಸಿದರು, ನಮ್ಮ ಮಕ್ಕಳು ಅಲ್ಲಿ ಓದಿದರು. ಉಪಕಾರವನ್ನು ಮರೆಯಬಾರದು. ಆ ಇಟ್ಟಿಗೆಗಳಲ್ಲಿ ಅಡಿಕೆಯ ಹಣವೂ ಇದೆ ಎಂಬುದನ್ನೂ ಮರೆಯಬಾರದು. ಸಂಘದ ಲಾಭದಲ್ಲಿ ಆಪದ್ಧನ ನಿಧಿಗೆ ಹೋಗಿ, ಡಿವಿಡೆಂಡು ಹಂಚಿ ಉಳಿದದ್ದರಲ್ಲಿ ವರ್ಷಕ್ಕಿಷ್ಟು ಎಂದು ತೆಗೆದಿಟ್ಟರೆ ಚಿತ್ರದುರ್ಗದಲ್ಲಿ ಸದಸ್ಯರ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಒಂದು ಬಾಡಿಗೆ ಕಟ್ಟಡದಲ್ಲಾದರೂ ವಿದ್ಯಾರ್ಥಿನಿಲಯ ನಡೆಸಬಹುದು. ಡಿವಿಡೆಂಡು ಒಂದು ಪರ್ಸೆಂಟು ಕಡಿಮೆಯಾದೀತು. ಕೂಗಾಡುವವರು ಕೂಗಾಡಲಿ.

ಭಾವಚಿತ್ರದ ಬಗ್ಗೆ: ಹಾಕುವುದಾದರೆ ಸುಬ್ರಾಯ ಭಟ್ಟರ ಚಿತ್ರವನ್ನೂ ಮಲ್ಲಿಕಾರ್ಜುನಪ್ಪನವರ ಚಿತ್ರವನ್ನೂ ಅಕ್ಕಪಕ್ಕ ಹಾಕೋಣ ಎಂಬುದು ನಮ್ಮ ಸಲಹೆ. ಒಪ್ಪದವರು ಸಭೆಯಲ್ಲಿ ಹೇಳಬಹುದು. ಆದರೆ ಆ ವಿಷಯವನ್ನು ಕಾರ್ಯಸೂಚಿಯ ಕೊನೆಗೆ ಇಟ್ಟಿದ್ದೇವೆ. ಅದಕ್ಕೆ ಮೊದಲು ಬರುವುದು ಎರಡು ಠರಾವುಗಳು. ಗೋದಾಮಿಗೆ ಮಾಲು ಬಂದ ದಿನವೇ ತೂಕದ ಚೀಟಿಯ ಮೇಲೆ ಮುಂಗಡ, ಬಡ್ಡಿಯ ದರ ಬಾಗಿಲ ಬಳಿಯ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿರಬೇಕು ಎಂಬುದು ಒಂದು. ಪ್ರತಿ ಊರಿನ ಮೂವರು ಸದಸ್ಯರು ಸಹಿ ಮಾಡಿದರೆ ಆಡಳಿತ ಮಂಡಳಿಯ ಸಭೆಗೆ ಕಾಯದೆ ಆಪತ್ತಿನ ಸಣ್ಣ ಸಾಲ ಕೊಡುವುದು ಇನ್ನೊಂದು. ಆ ಮೂವರಲ್ಲಿ ಒಬ್ಬರು ಮಹಿಳಾ ಸದಸ್ಯರಿರಬೇಕು. ಗೊನೆ ಕೊಯ್ಲು ಬಿರುಸಾಗುವ ಮೊದಲು, ಮಹಾನವಮಿಯೊಳಗೆ ಇವು ಜಾರಿಗೆ ಬರಬೇಕಾದರೆ ಸಭೆಗೆ ಕೋರಂ ಆಗಬೇಕು. ಬರುವವರು ಪಾಸ್ ಪುಸ್ತಕ ತರಬೇಕಾಗಿ ಕೋರಿದೆ.